ಬಕೆಟ್ ಸೀಟು ಹಾಕಿಸಿದ ಮೇಲೆ ಬ್ರೇಕ್ ಒತ್ತಿದರೆ 'ಟಕ್', ಬೆಲ್ಟ್ ಹೊಟ್ಟೆಗೆ ಏರುತ್ತೆ (ಸ್ವಿಫ್ಟ್ 2012)

ಸಂಪಾಜೆತಿರುವು:
ಎಲ್ಲರಿಗೂ ನಮಸ್ಕಾರ. ಗಾಡಿ 2012ರ ಸ್ವಿಫ್ಟ್ ಪೆಟ್ರೋಲ್, ಏರ್‌ಬ್ಯಾಗ್ ಇಲ್ಲದ ಮಾಡೆಲ್. ವಾರಕ್ಕೆ ಎರಡು ಸಲ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಿಬರ್ತೇನೆ. ಪುತ್ತರಿ ಕಳೆದು ಗದ್ದೆ ಒಣಗಿದ ಮೇಲೆ ಗೋಣಿಕೊಪ್ಪ ಕಡೆ ಗದ್ದೆಯಲ್ಲಿ ನಡೆಯೋ ಆಟೋಕ್ರಾಸ್ ರೇಸಿಗೂ ಇಳಿಸ್ತೇನೆ. ಈ ಸಲ ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಒಂದು ದಿನ ಓಡಿಸೋ ಆಸೆ ಇದೆ.

ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಫೈಬರ್ ಬಕೆಟ್ ಸೀಟು (ಬದಿ ಎತ್ತರ ಇರೋ ರೇಸ್ ಸೀಟು), ಜೊತೆಗೆ ನಾಲ್ಕು ಪಟ್ಟಿಯ ಹಾರ್ನೆಸ್ (ರೇಸ್ ಬೆಲ್ಟ್) ಸಿಕ್ತು. ಊರಲ್ಲೇ ಒಂದು ಗ್ಯಾರೇಜಿನಲ್ಲಿ ಕೂರಿಸಿಕೊಟ್ಟರು. ಆವತ್ತಿಂದ ಜೋರಾಗಿ ಬ್ರೇಕ್ ಒತ್ತಿದಾಗಲೆಲ್ಲ ಅಡಿಯಿಂದ 'ಟಕ್' ಅಂತ ಒಂದು ಶಬ್ದ. ಎಡಕ್ಕೆ ತಿರುಗುವಾಗಲೂ ಬರುತ್ತೆ. ಹಾರ್ನೆಸ್ ಬಿಗಿದರೆ ಸೊಂಟದ ಪಟ್ಟಿ ಮೆಲ್ಲಗೆ ಹೊಟ್ಟೆಗೆ ಏರುತ್ತೆ. ಹಳೇ ಬೆಲ್ಟಿನ ಬಕಲ್ ಹಳೇ ಸೀಟಿನ ಕಾಲಿಗೇ ಇತ್ತು, ಸೀಟಿನ ಜೊತೆ ಅದೂ ಅಟ್ಟ ಸೇರಿದೆ. ಹಾಗಾಗಿ ಘಾಟಿಯಲ್ಲೂ ಹಾರ್ನೆಸ್ಸೇ ಹಾಕ್ಕೊಂಡು ಹೋಗ್ತಿದ್ದೇನೆ. ಸುಳ್ಯ ಮುಟ್ಟೋ ಹೊತ್ತಿಗೆ ನಡು ಹಿಡ್ಕೊಂಡಿರುತ್ತೆ. ಅಪ್ಪನನ್ನು ಒಂದ್ಸಲ ಕೂರಿಸಿದ್ದೆ, ಇಳಿಸೋಕೆ ಇಬ್ಬರು ಬೇಕಾದರು.

ಶಬ್ದ ಎಲ್ಲಿಂದ ಬರ್ತಿರಬಹುದು?

ಜಿಪ್ಸಿ1298:
ಸೀಟು ಹಿಂದೆ ಮುಂದೆ ಸರಿಯೋ ರೈಲಿಂದೇ ಅಣ್ಣಾ. ಗ್ರೀಸ್ ಹಾಕಿ, ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡಿ. ನಡು ನೋವಿಗೆ ಒಂದು ದಿಂಬು ಇಟ್ಕೊಳ್ಳಿ.

ಪಕ್ಕದಸೀಟು:
ದಯವಿಟ್ಟು ಗ್ರೀಸೂ ಬೇಡ, ದಿಂಬೂ ಬೇಡ. ಮೆತ್ತನೆಯ ದಿಂಬು ಢಿಕ್ಕಿಯಲ್ಲಿ ಅಮುಕಿಹೋಗುತ್ತೆ, ಅಷ್ಟೂ ಜಾಗ ಬೆಲ್ಟಿನಲ್ಲಿ ಸಡಿಲವಾಗುತ್ತೆ.

ಮೊದಲು ಒಂದು ಪರೀಕ್ಷೆ ಮಾಡಿ. ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ, ಅವರು ಬಕೆಟ್ಟಿನ ಹೆಗಲು ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಲಿ. ನೀವು ಬಾಗಿಲ ಹತ್ತಿರ ಕೂತು ಒಂದೊಂದೇ ಸಂದಿಯ ಮೇಲೆ ಬೆರಳಿಡಿ: ಸೀಟು ಮತ್ತು ಬದಿಯ ಬ್ರಾಕೆಟ್, ಬ್ರಾಕೆಟ್ ಮತ್ತು ರೈಲು, ರೈಲು ಮತ್ತು ನೆಲ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತೆ. ಆಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದು ಎರಡು ದಿನ ಓಡಿಸಿ. ಗೆರೆ ಮುರಿದಿದ್ದರೆ ಆ ಬೋಲ್ಟ್ ತಿರುಗಿದೆ ಅಂತ ಅರ್ಥ.

ಜೊತೆಗೆ ಇಷ್ಟು ಹೇಳಿ. ಬೋಲ್ಟಿನ ತಲೆಯ ಮೇಲೆ ಏನು ಬರೆದಿದೆ? ಗಾಡಿಯ ಅಡಿಯಲ್ಲಿ ನಟ್ ಹಿಂದೆ ಏನಿದೆ, ಪ್ಲೇಟೋ ವಾಷರೋ? ಹೆಗಲ ಪಟ್ಟಿಗಳ ತುದಿ ಎಲ್ಲಿಗೆ ಕಟ್ಟಿದೆ? ಸೀಟಿನ ಹಿಂಬದಿಯಲ್ಲಿ ಎಫ್‌ಐಎ (ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ಚೀಟಿ ಇದೆಯಾ, ಯಾವ ವರ್ಷದ್ದು?

ಸಂಪಾಜೆತಿರುವು:
ಪರೀಕ್ಷೆ ಮಾಡಿದೆ ಸರ್, ಭಾವನನ್ನು ಹಿಂದೆ ಕೂರಿಸಿ. ಸೀಟಿನ ಮುಂದಿನ ಬಲಗಾಲಿನ ಹತ್ತಿರ ರೈಲು ಮತ್ತು ನೆಲದ ನಡುವೆ ಬೆರಳಿಗೆ ಸ್ಪಷ್ಟವಾಗಿ ಬಡಿಯುತ್ತೆ. ಅಲ್ಲಿ ಎತ್ತರ ಸರಿಹೋಗಲಿ ಅಂತ ಐದು ವಾಷರ್ ಒಂದರ ಮೇಲೊಂದು ಇಟ್ಟಿದ್ದಾರೆ. ಮುಂದಿನ ಎರಡು ಕಾಲಿಗೆ ನೆಲದ ತಗಡಿನಲ್ಲಿ ಹೊಸ ತೂತು, ಅಡಿಯಲ್ಲಿ 24 ಎಂಎಂ ವಾಷರ್ ಅಷ್ಟೇ. ಬೋಲ್ಟ್ 8 ಎಂಎಂ, ತಲೆ ಮೇಲೆ ಏನೂ ಬರೆದಿಲ್ಲ.

ಹೆಗಲ ಪಟ್ಟಿ ಎರಡೂ ಹಿಂದಿನ ಸೀಟಿನ ಬೆಲ್ಟ್ ಬೋಲ್ಟಿಗೆ, ಅಂದರೆ ನೆಲಕ್ಕೆ. ಸೀಟಿನ ಪಟ್ಟಿ ತೂತಿನಿಂದ ಆ ಬೋಲ್ಟಿಗೆ ಕೆಳಮುಖವಾಗಿ 70 ಸೆಂ.ಮೀ., ಹಿಂದಕ್ಕೆ 55 ಸೆಂ.ಮೀ. ಚೀಟಿಯಲ್ಲಿ 8855-1999 ಅಂತಿದೆ, ತಯಾರಾದ ವರ್ಷ 2011.

ಪಕ್ಕದಸೀಟು:
ಶಬ್ದ ಸಿಕ್ಕಿತು. ಆದರೆ ನಿಮ್ಮ ಗಾಡಿಯಲ್ಲಿ ಹೆದರಬೇಕಾದ್ದು ಆ ಶಬ್ದಕ್ಕಲ್ಲ.

ಹೆಗಲ ಪಟ್ಟಿಯಿಂದ ಶುರು ಮಾಡ್ತೇನೆ. 70 ಇಳಿತ, 55 ದೂರ ಅಂದರೆ ಕೋನ ಸುಮಾರು 52 ಡಿಗ್ರಿ. ಎಫ್‌ಐಎ ಅಪೆಂಡಿಕ್ಸ್ 'ಜೆ' (ರೇಸ್ ಗಾಡಿಗಳ ನಿಯಮಪುಸ್ತಕ) ಪ್ರಕಾರ ಹೆಗಲ ಪಟ್ಟಿ ಸೀಟಿನ ಮೇಲಂಚಿನಿಂದ ಹಿಂದಕ್ಕೆ 45 ಡಿಗ್ರಿಗಿಂತ ಹೆಚ್ಚು ಇಳಿಯಬಾರದು, 10 ಡಿಗ್ರಿ ಮೀರದಿದ್ದರೆ ಒಳ್ಳೆಯದು. ಎದುರಿಂದ ಹೊಡೆತ ಬಿದ್ದಾಗ ಮೈ ಮುಂದಕ್ಕೆ ಹೋಗುತ್ತೆ. ಹಿಂದಕ್ಕೆ ಎಳೆಯಬೇಕಾದ ಪಟ್ಟಿ ನಿಮ್ಮಲ್ಲಿ ಕೆಳಕ್ಕೆ ಎಳೆಯುತ್ತೆ. ಆ ಭಾರವೆಲ್ಲ ಹೆಗಲಿನಿಂದ ಬೆನ್ನುಮೂಳೆಗೆ ನೇರವಾಗಿ ಇಳಿಯುತ್ತೆ, ತಲೆ ಮೇಲೆ ಕಾಫಿ ಮೂಟೆ ಎತ್ತಿಹಾಕಿದ ಹಾಗೆ. 75 ಕೆ.ಜಿ. ತೂಗುವವರು 20 ಜಿ (ಗುರುತ್ವದ 20 ಪಟ್ಟು) ಹೊಡೆತದಲ್ಲಿ 1,500 ಕೆ.ಜಿ. ಭಾರವಾಗ್ತಾರೆ. ಕ್ಷಣಮಾತ್ರ, ಆದರೆ ಆ ಕ್ಷಣಕ್ಕೇ ತಾನೆ ಬೆಲ್ಟ್ ಇರೋದು.

ಸೊಂಟದ ಪಟ್ಟಿ ಏರುವುದು ನಾಲ್ಕು ಪಟ್ಟಿಯ ಹುಟ್ಟುಗುಣ. ಹೆಗಲ ಪಟ್ಟಿ ಬಿಗಿದರೆ ನಡುವಿನ ಬಕಲ್ಲನ್ನು ಮೇಲಕ್ಕೆ ಎಳೆಯುತ್ತೆ, ಕೆಳಗಿಂದ ಹಿಡಿದುಕೊಳ್ಳೋರು ಯಾರೂ ಇಲ್ಲ. ಸೊಂಟದ ಮೂಳೆ ಮೇಲೆ ಇರಬೇಕಾದ ಪಟ್ಟಿ ಹೊಟ್ಟೆಯ ಮೃದು ಜಾಗಕ್ಕೆ ಬಂದು ಕೂರುತ್ತೆ. ಢಿಕ್ಕಿಯಾದರೆ ನೀವು ಅದರ ಅಡಿಯಿಂದ ಮುಂದಕ್ಕೆ ಜಾರ್ತೀರಿ, ಪಟ್ಟಿ ಕರುಳಿಗೆ. ಅದಕ್ಕೇ ರ‍್ಯಾಲಿ ಗಾಡಿಗಳಲ್ಲಿ ಆರು ಪಟ್ಟಿ: ಸೀಟಿನ ತಳದ ತೂತಿನಿಂದ ತೊಡೆ ಸಂದಿಗೆ ಬರುವ ಎರಡು ಪಟ್ಟಿ ಬಕಲ್ಲನ್ನು ಕೆಳಗೇ ಹಿಡಿದಿಡುತ್ತವೆ. ಶ್ರಾತ್ ಕಂಪನಿ ನಾಲ್ಕು ಪಟ್ಟಿಯಲ್ಲೇ ಒಂದು ಹೆಗಲ ಪಟ್ಟಿ ಹೊಡೆತಕ್ಕೆ ತುಸು ಬಿಚ್ಚಿಕೊಂಡು ಮೈ ಒಂದು ಕಡೆ ತಿರುಗುವಂತೆ ಮಾಡಿದೆ. ಅದು ಬೇರೆ ವಿಷಯ, ನಿಮ್ಮದು ಆ ಥರದ್ದಲ್ಲ.

ಇನ್ನು ನೆಲ. ಅದೇ ಅಪೆಂಡಿಕ್ಸ್ ಹೇಳೋದು: ಸೀಟಿನ ಸಪೋರ್ಟ್ ಗಾಡಿಗೆ ಕಡೇಪಕ್ಷ ನಾಲ್ಕು ಕಡೆ, 8 ಎಂಎಂ ಅಥವಾ ಹೆಚ್ಚಿನ ಬೋಲ್ಟಿನಲ್ಲಿ ಕೂರಬೇಕು. ಸಪೋರ್ಟ್ ಮತ್ತು ಅಡಿಯ ಪ್ಲೇಟ್ ಉಕ್ಕಾದರೆ 3 ಎಂಎಂ, ಅಲ್ಯೂಮಿನಿಯಂ ಥರದ ಹಗುರ ಲೋಹವಾದರೆ 5 ಎಂಎಂ ದಪ್ಪ. ಒಂದೊಂದು ಬೋಲ್ಟಿಗೂ ಅಡಿಪ್ಲೇಟು 40 ಚದರ ಸೆಂ.ಮೀ., ಅಂದರೆ 8ಕ್ಕೆ 5ರ ತುಂಡು. ನಿಮ್ಮ ವಾಷರಿನದು ನಡುವಿನ ತೂತು ಕಳೆದರೆ ಸುಮಾರು 4 ಚದರ ಸೆಂ.ಮೀ., ಹತ್ತರಲ್ಲೊಂದು ಪಾಲು. ತೆಳು ತಗಡಿನಿಂದ ಅದು ರೊಟ್ಟಿಗೆ ಬೆರಳು ತೂರಿದ ಹಾಗೆ ಹೊರಬರುತ್ತೆ. ತಲೆ ಬರಹ ಇಲ್ಲದ ಬೋಲ್ಟ್ ಎಷ್ಟು ಗಟ್ಟಿ ಅಂತ ಯಾರಿಗೂ ಗೊತ್ತಿಲ್ಲ, ಗಟ್ಟಿತನದ ದರ್ಜೆ 8.8 ಅಂತ ಬರೆದಿದ್ದು ತನ್ನಿ. ವಾಷರ್ ಗೋಪುರ ಅಂತೂ ಬೋಲ್ಟನ್ನು ಬಾಗಿಸೋಕೇ ಕಟ್ಟಿದ ಹಾಗಿದೆ. ನಿಮ್ಮ 'ಟಕ್' ಅಲ್ಲಿಂದಲೇ.

ಸರಿಯಾದ ದಾರಿ ನೆಲಕ್ಕೆ ತೂತು ಕೊರೆಯುವುದಲ್ಲ. ಕಂಪನಿ ಕೊಟ್ಟ ನಾಲ್ಕು ಜಾಗದಲ್ಲಿ ತಗಡು ಬಲಪಡಿಸಿ ನಟ್ ಬೆಸೆದಿರುತ್ತೆ. ಅವಕ್ಕೇ ಹೊಂದುವ, ಆ ಮಾಡೆಲಿಗೇ ಮಾಡಿದ ಸಬ್‌ಫ್ರೇಮ್ (ಸೀಟಿನಡಿಯ ಉಕ್ಕಿನ ಚೌಕಟ್ಟು) ಹಾಕಬೇಕು. ರೈಲು ಬೇಕೇ ಬೇಕಾದರೆ ಎರಡೂ ಬದಿ ಲಾಕ್ ಆಗುವಂಥದ್ದು.

ಸೀಟಿನ ವಯಸ್ಸು: ಚೀಟಿಯ ಮೇಲಿರೋದು ಎಫ್‌ಐಎ ಮಾನದಂಡದ ನಂಬರ್. 8855-1999ರ ಸೀಟಿಗೆ ತಯಾರಾದಾಗಿಂದ 5 ವರ್ಷ. 8862-2009ರ ದುಬಾರಿ ಸೀಟಿಗೆ 10. ನಿಮ್ಮದು ಎಂದೋ ತೀರಿದೆ. ಅದಕ್ಕಿಂತ ಮುಖ್ಯ, ಬಟ್ಟೆ ಬಿಚ್ಚಿ ಶೆಲ್ ನೋಡಿ. ಬದಿಯ ಬೋಲ್ಟ್ ತೂತುಗಳ ಸುತ್ತ ನಕ್ಷತ್ರದ ಹಾಗೆ ಬಿಳಿ ಗೆರೆ ಇದ್ದರೆ ಅದು ಒಮ್ಮೆ ಏಟು ತಿಂದ ಸೀಟು. ನಕಲಿ ಚೀಟಿಗಳೂ ಬೇಕಾದಷ್ಟಿವೆ. ಮಾನ್ಯತೆ ಪಡೆದ ಸೀಟುಗಳ ಪಟ್ಟಿಯಾದ ಎಫ್‌ಐಎ ಟೆಕ್ನಿಕಲ್ ಲಿಸ್ಟ್ 12ರಲ್ಲಿ ನಿಮ್ಮ ಚೀಟಿಯ ನಂಬರ್ ಇದೆಯಾ ನೋಡಿ.

ಅಷ್ಟೆಲ್ಲ ಸರಿಮಾಡುವವರೆಗೆ ಘಾಟಿಗೆ ಹಳೇ ಸೀಟು, ಹಳೇ ಬೆಲ್ಟ್. ಇವತ್ತೇ.

ಜಿಪ್ಸಿ1298:
ಸರ್, ಪುಸ್ತಕದ ಮಾತು ಸರಿ. ಆದರೆ ನಾನು ಎಂಟು ವರ್ಷದಿಂದ ಜಿಪ್ಸಿಯಲ್ಲಿ ಬಕೆಟ್ಟು, ನಾಲ್ಕು ಪಟ್ಟಿ ಹಾಕ್ಕೊಂಡೇ ತೋಟದಲ್ಲೂ ರೋಡಲ್ಲೂ ಓಡಿಸ್ತಿದ್ದೇನೆ. ಒಂದು ಗೀರೂ ಆಗಿಲ್ಲ. ಮಾಮೂಲಿ ಬೆಲ್ಟಿನ ಮೂರು ಪಟ್ಟಿಗಿಂತ ನಾಲ್ಕು ಗಟ್ಟಿ ಅಲ್ವಾ?

ಪಕ್ಕದಸೀಟು:
ಏನೂ ಆಗದ ಎಂಟು ವರ್ಷದಲ್ಲಿ ಆ ಸೀಟಿಗೆ ಪರೀಕ್ಷೆಯೇ ಆಗಿಲ್ಲವಲ್ಲ ಅಣ್ಣಾ. ನಿಮ್ಮದು ಸಾಫ್ಟ್ ಟಾಪೋ? ಒಳಗೆ ರೋಲ್ ಕೇಜ್ (ಉಕ್ಕಿನ ಪೈಪಿನ ಪಂಜರ) ಇದೆಯಾ? ಇಲ್ಲದಿದ್ದರೆ ಗಾಡಿ ಮಗುಚಿದಾಗ ಮೂರು ಪಟ್ಟಿಯಲ್ಲಿ ಮೈ ಪಕ್ಕಕ್ಕಾದರೂ ವಾಲುತ್ತೆ. ಬಕೆಟ್ಟು, ಹಾರ್ನೆಸ್ ಎರಡೂ ಸೇರಿದರೆ ನಿಮ್ಮನ್ನು ನೆಟ್ಟಗೆ ಕಂಬದ ಹಾಗೆ ನಿಲ್ಲಿಸಿ ಚಾವಣಿ ಭಾರ ಕತ್ತಿನ ಮೇಲೆ ಬೀಳಿಸುತ್ತವೆ. ಹಾರ್ನೆಸ್ ಹಾಕೋ ಮೊದಲು ಕೇಜ್ ಬೇಕು ಅನ್ನೋದು ಅದಕ್ಕೆ.

ಹಾಗಂತ ಕೇಜ್ ಹಾಕಿ ರೋಡಿಗೆ ಬಂದರೆ, ಹೆಲ್ಮೆಟ್ ಇಲ್ಲದ ತಲೆ ಪಕ್ಕದಲ್ಲೇ ಉಕ್ಕಿನ ಪೈಪು. ನಾನು ರ‍್ಯಾಲಿಯಲ್ಲಿ ಚಾಲಕರ ಪಕ್ಕ ದಾರಿಯ ನೋಟ್ಸ್ ಓದೋಕೆ ಕೂರುವಾಗ ಕೇಜು, ಆರು ಪಟ್ಟಿ, ಹೆಲ್ಮೆಟ್, ಕತ್ತು ಕಾಯೋ ಹಾನ್ಸ್ ಸಾಧನ ಎಲ್ಲ ಒಟ್ಟಿಗೆ ಇರುತ್ತೆ. ಅದರಲ್ಲಿ ಒಂದನ್ನೇ ಎತ್ತಿಕೊಂಡು ಬಂದು ಮನೆ ಗಾಡಿಗೆ ಹಾಕಿದರೆ ಅದು ಅರ್ಧ ಔಷಧಿ. ಇನ್ನೊಂದು: ಸಂಪಾಜೆಯಲ್ಲಿ ಗಾಡಿ ಚರಂಡಿಗೆ ಬಿದ್ದರೆ ಎತ್ತೋಕೆ ಬರೋದು ಹಿಂದಿನ ಲಾರಿಯವರು. ಮಾಮೂಲಿ ಬಕಲ್ಲಿನ ಕೆಂಪು ಗುಂಡಿ ಅವರಿಗೆ ಗೊತ್ತು. ತಿರುಗಿಸಿ ಬಿಚ್ಚೋ ಬಕಲ್ ಗೊತ್ತಿರಲ್ಲ.

ಕಾನೂನಿನ ಕಡೆ ಹೆಚ್ಚು ಹೇಳಲ್ಲ. ಬೆಲ್ಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ, 1,000 ರೂಪಾಯಿ. ಗಾಡಿ ಬದಲಾವಣೆಗೆ 52ನೇ ಕಲಂ ಇದೆ.

ಕುಶಾಲನಗರಎನ್‌ಲೈನ್:
ನಡುವೆ ಬಾಯಿ ಹಾಕ್ತಿದ್ದೇನೆ. ನನ್ನದು ಐ20 ಎನ್ ಲೈನ್, ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರೋ ಮಾಡೆಲ್. ಬಕೆಟ್ ಹಾಕಿದರೆ ಏರ್‌ಬ್ಯಾಗ್ ಎಚ್ಚರಿಕೆ ಲೈಟ್ ಉರಿಯುತ್ತಂತೆ, ರೆಸಿಸ್ಟರ್ ಹಾಕಿದರೆ ಆರುತ್ತಂತೆ. ಹೌದಾ?

ಕಾಫಿಕಣ:
ಆರುತ್ತೆ. ಆರೋದಷ್ಟೇ. ಕಂಪ್ಯೂಟರಿಗೆ ಏರ್‌ಬ್ಯಾಗ್ ಇದೆ ಅಂತ ಸುಳ್ಳು ಹೇಳಿ, ಇಲ್ಲದ ಏರ್‌ಬ್ಯಾಗ್ ನಂಬಿಕೊಂಡು ಓಡಿಸಬೇಕು. ನಾನು ಆಟೋ ಎಲೆಕ್ಟ್ರಿಷಿಯನ್, ಈ ಕೆಲಸ ಕೇಳಿಕೊಂಡು ಬಂದವರನ್ನು ವಾಪಸ್ ಕಳಿಸಿದ್ದೇನೆ. ಸೀಟಿನಡಿ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕಂಡರೆ ಕೈ ಹಾಕೋ ಮೊದಲು ಬ್ಯಾಟರಿ ತೆಗೆದು, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ನಿಮ್ಮ ಗಾಡಿ ಸೀಟು ಚೆನ್ನಾಗೇ ಇದೆ, ಬಿಡಿ.

ಸಂಪಾಜೆತಿರುವು:
ಮೂರು ವಾರ ಆಯ್ತು, ವರದಿ ಕೊಡ್ತೇನೆ.

ಬಕೆಟ್ ಬಿಚ್ಚಿದೆವು. ರಬ್ಬರ್ ಮ್ಯಾಟ್ ಎತ್ತಿ ನೋಡಿದರೆ ಅಡಿಯ ಫೆಲ್ಟ್ ಇನ್ನೂ ಹಸಿ, ಕಕ್ಕಡದ ಮಳೆ ನೀರು ಅಲ್ಲೇ ಕೂತಿತ್ತು. ಹೊಸದಾಗಿ ಕೊರೆದ ತೂತಿಗೆ ಪೇಂಟೂ ಹಚ್ಚಿರಲಿಲ್ಲ, ಸುತ್ತ ತುಕ್ಕು. ಸ್ಕ್ರೂಡ್ರೈವರ್ ಒತ್ತಿದರೆ ಒಂದು ಕಡೆ ಆಚೆ ಬಂತು. ಅದರ ಮೇಲೆ 40 ಚದರ ಸೆಂ.ಮೀ. ಪ್ಲೇಟ್ ಹಾಕಿದ್ದರೂ ಏನು ಹಿಡೀತಿತ್ತು? ಟಿಂಕರಿಂಗ್‌ನವರು ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆದು, ಮೇಲೆ ಕೆಳಗೆ ಎರಡೂ ಕಡೆ ಪ್ರೈಮರ್ ಹೊಡೆದರು. ಹಳೇ ಸೀಟು ಅದರ ಸ್ವಂತ ಬೋಲ್ಟಿನಲ್ಲೇ ಕೂತಿದೆ, ಬಕಲ್ ವಾಪಸ್. ಶಬ್ದ ಇಲ್ಲ, ನಡು ನೋವೂ ಇಲ್ಲ.

ಮುಂದೆ ಹೇಗೂ ಒಳ್ಳೆ ಸೀಟು ಬೇಕು ಅಂತ ಇದೆ. ಏನು ನೋಡಲಿ?

ಪಕ್ಕದಸೀಟು:
ರೋಡೇ ಹೆಚ್ಚಾದ್ದರಿಂದ ಹಿಂದಕ್ಕೆ ಒರಗುವ ಸ್ಪೋರ್ಟ್ಸ್ ಸೀಟು ನೋಡಿ, ರೆಕಾರೋ ಸ್ಪೋರ್ಟ್‌ಸ್ಟರ್ ಅಥವಾ ಸ್ಪಾರ್ಕೋ ಆರ್100 ಥರದ್ದು. ಮೂರು ಪಟ್ಟಿಯ ಬೆಲ್ಟ್ ಅದಕ್ಕೆ ಸರಿಯಾಗಿ ಕೂರುತ್ತೆ. ಆಳದ ಬಕೆಟ್ಟಿನಲ್ಲಿ ಸೊಂಟದ ಪಟ್ಟಿ ಎರಡು ಬದಿಯ ಗೋಡೆ ಮೇಲೆ ಸೇತುವೆ ಕಟ್ಟಿ, ಮೈಗೆ ತಾಗೋದೇ ಇಲ್ಲ. ಬಕಲ್ ಹೊಸ ಸೀಟಿಗೆ ಕೂರಿಸುವಾಗ ಸಬ್‌ಫ್ರೇಮಿನ ಗಟ್ಟಿ ಜಾಗಕ್ಕೇ ಹಾಕಿಸಿ. ಹಳೇ ಬೆಲ್ಟ್ ಬೋಲ್ಟನ್ನೇ ಬಳಸಿ, ಅದು ಇಂಚಿನ ಅಳತೆ, 7/16, ಇಂಚಿಗೆ 20 ಎಳೆ. ಮಿಲಿಮೀಟರ್ ಬೋಲ್ಟ್ ತುರುಕಿದರೆ ಎಳೆ ಹಾಳು.

ಕೊಳ್ಳೋ ಮೊದಲು ಸೊಂಟದ ಅಗಲ ಅಳೆಯಿರಿ. ಗೋಡೆ ಪಕ್ಕ ಸ್ಟೂಲ್ ಮೇಲೆ ಕೂತು ಇನ್ನೊಂದು ಬದಿಗೆ ಹಲಗೆ ಒತ್ತಿ, ನಡುವಿನ ಅಳತೆ. ಸೀಟಿನಲ್ಲಿ ಬೆನ್ನು ಪೂರ್ತಿ ಒರಗಿದಾಗ ಮಣಿಕಟ್ಟು ಸ್ಟೀರಿಂಗ್ ಮೇಲ್ತುದಿಗೆ ಸಿಗಬೇಕು, ಕ್ಲಚ್ ಪೂರ್ತಿ ಒತ್ತಿದರೂ ಮಂಡಿ ತುಸು ಮಡಚಿರಬೇಕು. ತಲೆಗೆ ಎರಡು ಕಡೆ ರೆಕ್ಕೆ ಇರೋ ಸೀಟು ಬೇಡ, ತೋಟದ ದಾರಿಯಿಂದ ಮೇನ್ ರೋಡಿಗೆ ಏರುವಾಗ ಬದಿಯಲ್ಲಿ ಬರೋ ಬಸ್ಸೇ ಕಾಣಲ್ಲ.

ಕರಿಗೆ ಈ ಸಲ ಇರೋ ಸೀಟಿನಲ್ಲೇ ಹೋಗಿ. ಬೆಲ್ಟ್ ಬಿಗಿ ಬೇಕಾದರೆ ಒಂದು ಉಪಾಯ: ಸೀಟು ಎರಡು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿ, ಹೆಗಲ ಪಟ್ಟಿಯನ್ನು ರಪ್ಪನೆ ಎಳೆದು ಲಾಕ್ ಮಾಡಿ. ಆ ಬಿಗಿ ಬಿಡದೆ ಸೀಟು ಮುಂದಕ್ಕೆ. ಸೊಂಟದ ಪಟ್ಟಿ ಮೂಳೆ ಮೇಲೇ ಇದೆಯಾ, ಸೀಟು ಲಾಕ್ ಆಯ್ತಾ ಅಂತ ನೋಡಿಕೊಂಡೇ ಹೊರಡಿ.

ಜಿಪ್ಸಿ1298:
ಅಣ್ಣಾ, ಆ ಬಕೆಟ್ ಮಾರ್ತೀರಾ? ನನ್ನದರ ಬಟ್ಟೆ ಹರಿದಿದೆ. ಕೇಜ್ ಮಾಡಿಸೋಕೂ ವಿಚಾರಿಸ್ತಿದ್ದೇನೆ, ಬೈಬೇಡಿ.

ಸಂಪಾಜೆತಿರುವು:
ಮಾರಲ್ಲ ಅಣ್ಣಾ. ಬಟ್ಟೆ ಬಿಚ್ಚಿದಾಗ ಎಡಬದಿಯ ತೂತಿನ ಸುತ್ತ ಅವರು ಹೇಳಿದ ಬಿಳಿ ಗೆರೆ ಇತ್ತು, ಬೆರಳಷ್ಟು ಉದ್ದ. ನಾಲ್ಕು ಮರದ ಕಾಲು ಹೊಡೆದು ಜಗಲಿಯಲ್ಲಿ ಇಟ್ಟಿದ್ದೇನೆ. ಅಪ್ಪ ಬೆಳಗ್ಗೆ ಅದರಲ್ಲೇ ಕೂತು ಪೇಪರ್ ಓದ್ತಾರೆ. ಏಳೋಕೆ ಮಾತ್ರ ಈಗಲೂ ನನ್ನನ್ನು ಕೂಗ್ತಾರೆ.