ಜೀವಕೋಶ ಒಳಗೆ ಎಳೆದುಕೊಂಡದ್ದೆಲ್ಲ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ (ಪೊನ್ನಂಪೇಟೆ): ಮೇಡಂ, ಮಗಳು ಪಿಯುಸಿ ಬಯಾಲಜಿ ಓದ್ತಿದ್ದಾಳೆ. ಜೀವಕೋಶ ಹೊರಗಿನಿಂದ ತಗೊಂಡದ್ದನ್ನ ಲೈಸೋಸೋಮ್ ಒಡೆದು ಹಾಕುತ್ತೆ ಅಂತ ಪುಸ್ತಕದಲ್ಲಿದೆ. ಅಂದ್ರೆ ಪಲ್ಪರ್‌ಗೆ ಕಾಫಿ ಹಣ್ಣು ಸುರಿದ ಹಾಗೆ ಬಂದದ್ದೆಲ್ಲ ಅದರ ಬಾಯಿಗೇ ಬೀಳುತ್ತಾ? ಇನ್ನೊಂದು, ನಮ್ಮ ಅತ್ತೆಗೆ ಮಾತ್ರೆಯಲ್ಲಿ ಕೊಲೆಸ್ಟ್ರಾಲ್ ಇಳೀತಾ ಇಲ್ಲ. ಡಾಕ್ಟರು ಪಿಸಿಎಸ್‌ಕೆ9 ಇಂಜೆಕ್ಷನ್ ಅಂದರು. ಅದೂ ಇದೇ ವಿಷಯಕ್ಕೆ ಸೇರಿದ್ದಾ?

ಉತ್ತರ: ಸೇರಿದ್ದೇ. ಅತ್ತೆಯವರ ಕೊಲೆಸ್ಟ್ರಾಲ್ ಇಟ್ಟುಕೊಂಡೇ ಹೇಳ್ತೀನಿ.

ರಕ್ತದಲ್ಲಿ ಕೊಲೆಸ್ಟ್ರಾಲ್ ಓಡಾಡುವುದು ಹೆಚ್ಚಾಗಿ ಎಲ್‌ಡಿಎಲ್ ಅನ್ನುವ ಕಣಗಳಲ್ಲಿ. ಲಿವರ್ ಕೋಶದ ಮೇಲೆ ಅದನ್ನು ಹಿಡಿಯುವ ರಿಸೆಪ್ಟರ್ ಇದೆ. ಕಣ ಸಿಕ್ಕಿತು ಅಂದ್ರೆ ಪೊರೆ ಒಳಕ್ಕೆ ಗುಳಿ ಬಿದ್ದು, ಸಣ್ಣ ಚೀಲವಾಗಿ ಕಳಚಿಕೊಳ್ಳುತ್ತದೆ. ಆ ಚೀಲ ಹೋಗಿ ಸೇರುವುದು ಕೋಶದೊಳಗೇ ಇರುವ ಎಂಡೋಸೋಮ್ ಅನ್ನುವ ಇನ್ನೊಂದು ಚೀಲಕ್ಕೆ, ನೇರವಾಗಿ ಲೈಸೋಸೋಮ್‌ಗಲ್ಲ. ವಿಂಗಡಣೆ ಆಗುವುದು ಇಲ್ಲೇ.

ಎಂಡೋಸೋಮ್‌ನ ಪೊರೆಯಲ್ಲಿರುವ ಪಂಪು ಪ್ರೋಟಾನ್‌ಗಳನ್ನು ಒಳಗೆ ತಳ್ಳುತ್ತಾ ಇರುತ್ತದೆ, ಹಾಗಾಗಿ ಒಳಗಿನ ಪಿಎಚ್ ಸುಮಾರು 6ಕ್ಕೆ ಇಳಿಯುತ್ತದೆ (ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು). ಅಷ್ಟು ಹುಳಿಗೇ ರಿಸೆಪ್ಟರ್‌ನ ಆಕಾರ ಬದಲಾಗಿ ಎಲ್‌ಡಿಎಲ್ ಕೈಬಿಡುತ್ತದೆ. ಖಾಲಿಯಾದ ರಿಸೆಪ್ಟರ್ ವಾಪಸ್ ಮೇಲಕ್ಕೆ ಹೋಗುತ್ತದೆ, ಸುಮಾರು 10 ನಿಮಿಷಕ್ಕೊಂದು ಸುತ್ತು. ಎಲ್‌ಡಿಎಲ್ ಮಾತ್ರ ಮುಂದೆ ಲೈಸೋಸೋಮ್‌ಗೆ. ಅಲ್ಲಿ ಪಿಎಚ್ 4.5ರಿಂದ 5, ಸುಮಾರು 60 ಬಗೆಯ ಎಂಜೈಮು, ಕಣ ಒಡೆದು ಕೊಲೆಸ್ಟ್ರಾಲ್ ಕೋಶದ ಬಳಕೆಗೆ ಸಿಗುತ್ತದೆ. ಈ ದಾರಿ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ಈಗ ಪಿಸಿಎಸ್‌ಕೆ9. ಇದು ನಮ್ಮ ಲಿವರ್ರೇ ಮಾಡುವ ಪ್ರೋಟೀನು. ರಿಸೆಪ್ಟರ್‌ಗೆ ಅಂಟಿಕೊಂಡು ಒಳಗೆ ಬರುತ್ತದೆ. ಹುಳಿ ಹೆಚ್ಚಾದಾಗ ಎಲ್‌ಡಿಎಲ್ ಬಿಟ್ಟುಕೊಡುತ್ತದಲ್ಲ, ಇದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ! ಪಾಪ, ರಿಸೆಪ್ಟರ್ ವಾಪಸ್ ಹೋಗಲಾರದೆ ಅದರ ಜೊತೆಗೇ ಲೈಸೋಸೋಮ್ ಸೇರಿ ನಾಶವಾಗುತ್ತದೆ. ಕೋಶದ ಮೇಲೆ ರಿಸೆಪ್ಟರ್ ಕಮ್ಮಿಯಾದಷ್ಟೂ ರಕ್ತದಲ್ಲಿ ಎಲ್‌ಡಿಎಲ್ ಉಳಿಯುತ್ತದೆ. ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್‌ನಲ್ಲಿರುವುದು ಈ ಪಿಸಿಎಸ್‌ಕೆ9 ಅನ್ನು ರಕ್ತದಲ್ಲೇ ಹಿಡಿದು ಹಾಕುವ ಆಂಟಿಬಾಡಿ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದ ರಿಸೆಪ್ಟರ್ ಹೆಚ್ಚುತ್ತದೆ, ಆದರೆ ಪಿಸಿಎಸ್‌ಕೆ9 ಕೂಡ ಹೆಚ್ಚುತ್ತದೆ, ಅದೇ ತಾಪತ್ರಯ. ಅತ್ತೆಯವರಿಗೆ ಬೇಕಾ ಬೇಡವಾ ಅನ್ನೋದು ಅವರನ್ನು ನೋಡುವ ಡಾಕ್ಟರೇ ಹೇಳಬೇಕು, ನಾನು ಪಾಠ ಮಾಡುವವಳು.

ಪ್ರಶ್ನೆ (ಸೋಮವಾರಪೇಟೆ): ಮೇಡಂ, ಲೈಸೋಸೋಮ್ ಅಷ್ಟು ಹುಳಿ ಅಂದ್ರೆ ಸೋರಿದರೆ ಕೋಶವೇ ಕರಗಲ್ವಾ? ಇನ್ನೊಂದು ಸುಮ್ನೆ ಕೇಳ್ತೀನಿ, ಪಂದಿಕರಿಗೆ ಕಾಚಂಪುಳಿ ಜಾಸ್ತಿ ಹಾಕಿದರೆ ಈ ಹುಳಿ ಏರುತ್ತಾ?

ಉತ್ತರ: ಸ್ವಲ್ಪ ಸೋರಿದರೆ ದೊಡ್ಡ ಅಪಾಯ ಇಲ್ಲ ಅಣ್ಣ. ಲೈಸೋಸೋಮ್ ಸುತ್ತ ಕೋಶದೊಳಗಿರುವ ದ್ರವದ ಪಿಎಚ್ ಸುಮಾರು 7.2, ಅಲ್ಲಿ ಆ ಎಂಜೈಮುಗಳಲ್ಲಿ ಹೆಚ್ಚಿನವು ಮಂಕಾಗುತ್ತವೆ. ತುಂಬಾ ಒಡೆದರೆ ಮಾತ್ರ ಕೋಶ ಸಾಯಬಹುದು. ಕಾಚಂಪುಳಿ ಎಷ್ಟು ಹಾಕಿದರೂ ಅಲ್ಲಿಗೆ ಮುಟ್ಟಲ್ಲ. ಊಟ ಯಾವುದೇ ಇರಲಿ, ರಕ್ತದ ಪಿಎಚ್ ಅನ್ನು ಶ್ವಾಸಕೋಶ, ಕಿಡ್ನಿ ಸೇರಿ 7.35ರಿಂದ 7.45ರೊಳಗೇ ಇಡುತ್ತವೆ. ಲೈಸೋಸೋಮ್‌ನ ಹುಳಿ ಅದರದೇ ಪಂಪಿನಿಂದ ಬರುವುದು. ಪಂದಿಕರಿಯಲ್ಲಿ ಪೊನ್ನಂಪೇಟೆಯ ಆ ಅತ್ತೆಯವರು ನೋಡಿಕೊಳ್ಳಬೇಕಾದ್ದು ಕೊಬ್ಬು.