ತುರ್ತು: ಇಲಿಯ 'ವಾಟರ್ ಮೇಜ್'ಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಲ್ಯಾಬ್‌ಗೆ ಶಾಲೆಮಕ್ಕಳು ಬರುತ್ತಾರೆ. ಇಲಿಗಳ ನೆನಪು, ಕಲಿಕೆ ಪರೀಕ್ಷಿಸುವ ಸಾಧನಗಳಿಗೆ ಕನ್ನಡ ಬೋರ್ಡ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆ ಪ್ರಿಂಟ್‌ಗೆ ಕೊಡಬೇಕು. 'ಮಾರಿಸ್ ವಾಟರ್ ಮೇಜ್' ಅಂತಲೇ ಬರೆದಿದ್ದೆ. (ಇಂಗ್ಲಿಷಿನ 'ಮೇಜ್' ಎಂದರೆ ದಾರಿ ತಪ್ಪಿಸುವ ಓಣಿಗಳ ಜಾಲ.) ನಮ್ಮ ಅಟೆಂಡರ್ ಓದಿ, "ನೀರಿನ ಮೇಜಾ? ಮೇಜು ಎಲ್ಲಿದೆ ಮೇಡಂ?" ಎಂದರು. ಇಲಿವ್ಯೂಹ, ಜಲವ್ಯೂಹ ಎರಡು ಹೊಳೆದಿವೆ. ಯಾವುದು ಸರಿ?

ಮರು:
ಇಲಿವ್ಯೂಹ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಬಿಡಿ. ಜಲವ್ಯೂಹ ಸಮಾಸವಾಗಿ ಸರಿ, ಅರ್ಥವಾಗಿ ಸುಳ್ಳು. ವ್ಯೂಹ ಎಂದರೆ ಸೈನ್ಯ ನಿಲ್ಲಿಸುವ ಬಗೆ. ನಿಮ್ಮ ಲ್ಯಾಬಿನಲ್ಲಿ ಸೈನ್ಯ ಇದೆಯಾ?

ಮರು:
ಇಷ್ಟಕ್ಕೆಲ್ಲ ಹೊಸ ಪದ ಯಾಕೆ? ಚಕ್ರವ್ಯೂಹ ಎನ್ನಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆ ನೋಡಿ. ಸುತ್ತಿ ಸುತ್ತಿ ಒಳಗೆ ಹೋಗುವ ದಾರಿಯನ್ನೇ ಕೆತ್ತಿದ್ದಾರೆ. ಚಿತ್ರವೂ ನಮ್ಮದು, ಹೆಸರೂ ನಮ್ಮದು. ಯಾವ ಮಗುವಿಗೆ ಅಭಿಮನ್ಯು ಗೊತ್ತಿಲ್ಲ?

ಮರು:
ಆ ಕೆತ್ತನೆಯಲ್ಲಿ ಕವಲು ಇಲ್ಲ ಸರ್, ಇರುವುದು ಒಂದೇ ದಾರಿ. ದಾರಿ ತಪ್ಪೋಕೆ ಅವಕಾಶವೇ ಇಲ್ಲದ ಮೇಲೆ ಇಲಿ ಕಲಿಯುವುದೇನು? 1900ರ ಸುಮಾರಿಗೆ ಅಮೆರಿಕದ ವಿಲ್ಲರ್ಡ್ ಸ್ಮಾಲ್ ಇಲಿಗಳಿಗೆ ಕಟ್ಟಿದ್ದು ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆ ತೋಟದ ಸುತ್ತುದಾರಿಯ ಮಾದರಿಯನ್ನು. ಅದರಲ್ಲಿ ಕವಲುಗಳಿವೆ, ಮುಂದೆ ಹೋಗಲಾಗದ ಓಣಿಗಳಿವೆ. ಅದಕ್ಕೆ 'ಸುತ್ತುದಾರಿ' ಸಾಕು.

ಆದರೆ ಮೇಡಂ ಕೇಳಿದ್ದು ಬೇರೆಯೇ. ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ಸಾಧನದಲ್ಲಿ ಗೋಡೆಯೂ ಇಲ್ಲ, ಓಣಿಯೂ ಇಲ್ಲ. ಒಂದು ದುಂಡು ತೊಟ್ಟಿ. ನೀರಿಗೆ ಹಾಲು ಬೆರೆಸಿ ಬೆಳ್ಳಗೆ ಮಾಡುತ್ತಾರೆ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಚಿಕ್ಕ ಕಟ್ಟೆ. ಇಲಿಗೆ ಅದು ಕಾಣಿಸದು. ಮೊದಮೊದಲು ಸುಮ್ನೆ ಅಂಚು ಹಿಡಿದು ಈಜುತ್ತದೆ. ಆಮೇಲೆ ಕೋಣೆಯ ಕಿಟಕಿ, ಗೋಡೆಯ ಚಿತ್ರ ಇವನ್ನು ಗುರುತಿಟ್ಟುಕೊಂಡು, ಎಲ್ಲಿಂದ ಬಿಟ್ಟರೂ ನೇರ ಕಟ್ಟೆಗೇ ಬರುತ್ತದೆ. ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕೆಟ್ಟರೆ ಇದು ಕಷ್ಟ. ಇಂಗ್ಲಿಷಿನಲ್ಲೇ ಹೆಸರು ತಪ್ಪಿದೆ. ಅವರ ತಪ್ಪನ್ನು ನಾವು ಯಾಕೆ ಅನುವಾದ ಮಾಡಬೇಕು? ನನ್ನ ಮಟ್ಟಿಗೆ ಅದು 'ಈಜುತೊಟ್ಟಿ', ಒಳಗಿರುವುದು 'ಮುಳುಗುಕಟ್ಟೆ'.

ಮರು:
ಮುಳುಗುಕಟ್ಟೆ ತಪ್ಪು. ಮುಳುಗುವ ಕಟ್ಟೆ ಎಂದಾಗುತ್ತದೆ. ಅದು ಮುಳುಗಿರುವ ಕಟ್ಟೆ. 'ಅಡಗುಕಟ್ಟೆ'ಗೂ ಇದೇ ತಕರಾರು, ಯಾರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ.

ಮರು:
ಮೇಜ್ ಎಂದೇ ಇಟ್ಟರೆ ಆಕಾಶ ಬೀಳುತ್ತದಾ? ಮೇಜು, ಕುರ್ಚಿ ಎಲ್ಲ ಹೊರಗಿನಿಂದ ಬಂದವೇ ಅಲ್ವಾ? ಕೂತು ಬರೆಯುವಾಗ ಯಾರಿಗೂ ಚುಚ್ಚುವುದಿಲ್ಲ. ಅರಿಸಮಾಸ ಅನ್ನುವವರು ಮಂಗಳಾರತಿ ತಗೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದೂ ಅರಿಸಮಾಸವೇ.

ಮರು:
ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನನ್ನು ಓದಿ ಬನ್ನಿ, ಆಮೇಲೆ ಮಂಗಳಾರತಿ ಎತ್ತಿ. ಹೊರಗಿನ ಪದ ಬರಲಿ, ಬೇಡ ಅನ್ನಲಿಲ್ಲ. ಮನೆಯಲ್ಲಿ ಆಗಲೇ ಒಂದು ಮೇಜು ಇರುವಾಗ ಇನ್ನೊಂದು ಮೇಜ್ ತಂದು ಅದರ ಮೇಲೇ ಇಡಬೇಡಿ.

ಮರು:
ಜಗಳದ ನಡುವೆ ಒಂದು ಮಾತು. ಬಾರ್ನ್ಸ್ ಮೇಜ್ ನಿಜವಾಗಿಯೂ ಮೇಜೇ! ಕ್ಯಾರಲ್ ಬಾರ್ನ್ಸ್ 1979ರಲ್ಲಿ ತಂದದ್ದು. ಎತ್ತರದಲ್ಲಿಟ್ಟ ದುಂಡು ಹಲಗೆ, ಅಂಚಿನ ಸುತ್ತ ತೂತುಗಳು, ಒಂದೇ ಒಂದು ತೂತಿನ ಕೆಳಗೆ ಕತ್ತಲೆಯ ಗೂಡು. ಬೆಳಕಿಗೆ ಹೆದರುವ ಇಲಿ ಆ ಗೂಡು ಹುಡುಕಬೇಕು. ಅದಕ್ಕೆ 'ತೂತುಮೇಜು' ಎಂದರೆ ಇಬ್ಬರಿಗೂ ಸಮಾಧಾನ.

ಮರು:
ಎಲ್ಲರಿಗೂ ಥ್ಯಾಂಕ್ಸ್. ತೂತುಮೇಜು ತಗೊಂಡೆ. ಎಂಟು ತೋಳಿನ ಮೇಜ್ ಒಂದಿದೆ, ಅದನ್ನು 'ಎಂಟು ಓಣಿ' ಮಾಡಿದೆ. ಸ್ಕಿನ್ನರ್ ಬಾಕ್ಸ್‌ನಲ್ಲಿ ಇಲಿ ಸನ್ನೆಕೋಲು ಒತ್ತಿದರೆ ಕಾಳು ಬೀಳುತ್ತದೆ, ಆದ್ದರಿಂದ 'ಸನ್ನೆಪೆಟ್ಟಿಗೆ'. ಅದನ್ನು ಮಾಡಿದ ಮನೋವಿಜ್ಞಾನಿ ಸ್ಕಿನ್ನರ್ ಅವರಿಗೇ ತಮ್ಮ ಹೆಸರಿನ ಪೆಟ್ಟಿಗೆ ಹಿಡಿಸುತ್ತಿರಲಿಲ್ಲವಂತೆ. ವಾಟರ್ ಮೇಜ್‌ಗೆ: 'ಈಜುತೊಟ್ಟಿ. ನೀರಿನಡಿ ಒಂದು ಕಟ್ಟೆ ಇದೆ. ಇಲಿ ಅದನ್ನು ಹೇಗೆ ಹುಡುಕುತ್ತದೆ?'

ಮರು:
ತೊಟ್ಟಿ ಬೇಡ ಮೇಡಂ. ಬೆಂಗಳೂರಿನ ಮಕ್ಕಳಿಗೆ ತೊಟ್ಟಿ ಎಂದರೆ ಕಸದ ತೊಟ್ಟಿ. ಇಲಿಯೂ ಇದೆ ಬೇರೆ. ಕೊಳ ಎನ್ನಿ.

ಮರು:
ಪ್ರಿಂಟ್ ಆಯ್ತು ಸರ್.