ಸಹಾಯ ಬೇಕು: ಹಳೇ ಮಾರುತಿ 800, ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು 1997ರ ಕಾರ್ಬುರೇಟರ್ ಗಾಡಿ, ಅಪ್ಪ ತಗೊಂಡಿದ್ದು. ಇರುವುದು ಕುಂದಾಪುರದಲ್ಲಿ, ಉಪ್ಪುಗಾಳಿಗೆ ಗಾಡಿಯ ಅಡಿಭಾಗ ಎಲ್ಲ ತುಕ್ಕು ಹಿಡಿದಿದೆ.

ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಸೋರುತ್ತದೆ. ಬೆಳಿಗ್ಗೆ ನೋಡಿದರೆ ಹಿಂದಿನ ಬಲಚಕ್ರದ ಹತ್ತಿರ ಅಂಗೈ ಅಗಲ ಒದ್ದೆ, ಹಿಂದಿನ ಸೀಟಿನಲ್ಲಿ ಕೂತರೆ ತಲೆ ಸುತ್ತುವಷ್ಟು ವಾಸನೆ. ಅರ್ಧಕ್ಕಿಂತ ಕೆಳಗೆ ಇಳಿದರೆ ಒಂದು ಹನಿಯೂ ಇಲ್ಲ. ಹಾಗಾಗಿ ತೂತು ಟ್ಯಾಂಕಿನ ತಳದಲ್ಲಿ ಇಲ್ಲ, ಮೇಲೆ ಎಲ್ಲೋ ಇರಬೇಕು ಅಂತ ನನ್ನ ಅಂದಾಜು. ಪೆಟ್ರೋಲ್ ಹಾಕುವ ಕಡೆಯ ರಬ್ಬರ್ ಹೋಸ್, ಗಾಳಿ ಹೋಗುವ ಸಣ್ಣ ಪೈಪ್, ಇಲ್ಲ ಗೇಜ್ ಫ್ಲೋಟ್ (ಪೆಟ್ರೋಲ್ ಎಷ್ಟಿದೆ ಅಂತ ಅಳೆಯುವ ತೇಲುವ ಭಾಗ) ಕೂರಿಸಿರುವ ಜಾಗದ ಗ್ಯಾಸ್ಕೆಟ್ (ಸೋರದಂತೆ ಸಂದಿಗೆ ಇಡುವ ಸೀಲ್), ಈ ಮೂರರಲ್ಲಿ ಒಂದು, ಅಲ್ವಾ? ಹೋಸ್ ಬೆರಳಲ್ಲಿ ಬಗ್ಗಿಸಿ ನೋಡಿದೆ, ಕ್ಲಾಂಪ್ ಪಕ್ಕ ಸಣ್ಣ ಸಣ್ಣ ಬಿರುಕು ಕಾಣಿಸಿತು, ಆದರೆ ಅದೇ ಅಂತ ಖಚಿತ ಇಲ್ಲ.

ಮೆಕ್ಯಾನಿಕ್ ಒಬ್ಬರು ಟ್ಯಾಂಕ್ ಇಳಿಸಿ ವೆಲ್ಡಿಂಗ್ ಮಾಡೋಣ ಅಂದರು. ನನಗೆ ಭಯ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತದೆ, ಒಂದು ಕಿಡಿ ಸಾಕು.

ಟ್ಯಾಂಕ್ ಇಳಿಸದೆ ಜಾಗ ಪತ್ತೆ ಮಾಡೋದು ಹೇಗೆ? ಒರೆಸಿ ಒಣಗಿಸಿ ಪೌಡರ್ ಹಚ್ಚಿದರೆ ಒದ್ದೆ ಗೆರೆ ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತಾಗುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಹೋಸ್, ಗ್ಯಾಸ್ಕೆಟ್ ಉಡುಪಿ, ಮಂಗಳೂರು ಕಡೆ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ. ಅಲ್ಲಿಯವರೆಗೆ ಗಾಡಿ ಬಯಲಲ್ಲೇ ನಿಲ್ಲಿಸಿದ್ದೇನೆ, ಐದು ಲೀಟರ್‌ಗಿಂತ ಜಾಸ್ತಿ ಹಾಕಿಸುತ್ತಿಲ್ಲ.